ಲಕೋಟೆಯ ಮೇಲಿನ ಸಹಿ



ಹೋದ ತಿಂಗಳು ಮಾನ್ವಿಯಿಂದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಮೇಲಿದ್ದ ಅಜ್ಜನ ತಗಡಿನ ಪೆಟ್ಟಿಗೆ ಸಿಕ್ಕಿತಂತೆ. ಅದರ ತುಂಬ ಹಳೆಯ ಕಾಗದಗಳು, ಲಕೋಟೆಗಳು. "ಸರ್, ಮಗಳಿಗೆ ಅಂಚೆಚೀಟಿ ಕೂಡಿಸುವ ಹುಚ್ಚು ಹತ್ತಿದೆ. ಇವನ್ನೆಲ್ಲ ನೀರಿನಲ್ಲಿ ನೆನೆಸಿ ಚೀಟಿ ಬಿಡಿಸಿಕೊಡಲೇ?" ಎಂದು ಕೇಳಿದ. "ನೀರು ಮುಟ್ಟಿಸಬೇಡ, ನಾನೇ ಬರುತ್ತೇನೆ" ಎಂದು ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ. ಅವನು ಗಾಬರಿಯಾಗಿ, "ಸರ್, ಅಷ್ಟು ಬೆಲೆಬಾಳುತ್ತವೆಯೇ?" ಎಂದ. ಬೆಲೆಯ ಮಾತು ಅದಾಗಿರಲಿಲ್ಲ. ನನ್ನ ಗಾಬರಿಗೆ ಐವತ್ತೈದು ವರ್ಷಗಳ ಹಿಂದಿನ ಒಂದು ಕಾರಣವಿದೆ. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಇಂದು ಹೇಳಬೇಕೆಂದು ಕುಳಿತಿದ್ದೇನೆ. ಆದರೆ ಅದಕ್ಕೆ ಮೊದಲು ನನ್ನ ಹವ್ಯಾಸದ ಕಥೆಯನ್ನೂ ಅದರ ಹಿಂದಿರುವ ಇತಿಹಾಸವನ್ನೂ ತಾವು ಸ್ವಲ್ಪ ಕೇಳಬೇಕು.

ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ನನ್ನ ಕೈಯಲ್ಲಿ ಕಲಿತವರಿಗೆ ನನ್ನ ಕಪ್ಪು ರಟ್ಟಿನ ಆಲ್ಬಂ ನೆನಪಿರಬಹುದು. ಸಮಾಜ ವಿಜ್ಞಾನದ ತರಗತಿಗೆ ವರ್ಷಕ್ಕೊಮ್ಮೆ ಅದನ್ನು ತರುತ್ತಿದ್ದೆ. ಕೈ ತೊಳೆದು ಬಂದವರಿಗೆ ಮಾತ್ರ ನೋಡಲು ಅವಕಾಶ. ಅದರಲ್ಲಿ ಈಗ ರಾಜಕೀಯ ಮುಖಂಡರು ಸಹಿ ಹಾಕಿದ 61 ಲಕೋಟೆಗಳಿವೆ. ಮುಖ್ಯಮಂತ್ರಿಗಳಾಗಿದ್ದವರು, ಮಂತ್ರಿಗಳು, ಸಂಸದರು, ಶಾಸಕರು, ಸೋತು ಮನೆಯಲ್ಲಿ ಕುಳಿತವರು, ಎಲ್ಲರೂ ಇದ್ದಾರೆ. ಇಲ್ಲಿ ಅವರ ಹೆಸರುಗಳನ್ನು ಬರೆಯುವುದಿಲ್ಲ. ನಮ್ಮ ಬಂಧುಬಳಗದಲ್ಲಿ ಎಲ್ಲ ಪಕ್ಷದವರೂ ಇದ್ದೀರಿ. ಒಬ್ಬರ ಹೆಸರು ಮೊದಲು ಬರೆದರೆ ಇನ್ನೊಬ್ಬರು ಮುಂದಿನ ಮದುವೆಯಲ್ಲಿ ಮಾತನಾಡಿಸುವುದಿಲ್ಲ. ಆಲ್ಬಮ್ಮಿನಲ್ಲಿ ಅವರೆಲ್ಲ ಅಕ್ಕಪಕ್ಕ ನೆಮ್ಮದಿಯಾಗಿದ್ದಾರೆ. ವಿಧಾನಸಭೆಯಲ್ಲೂ ಅಷ್ಟು ಶಾಂತಿ ಇರುವುದಿಲ್ಲ.

ಸಹಿಯೇ ಬೇಕೆಂದಾದರೆ ಒಂದು ಆಟೋಗ್ರಾಫ್ ಪುಸ್ತಕ ಸಾಲದೇ, ಲಕೋಟೆಯೇ ಏಕೆ ಎಂದು ಅನೇಕರು ಕೇಳಿದ್ದಾರೆ. ಪುಸ್ತಕದ ಹಾಳೆಯ ಮೇಲಿನ ಸಹಿ 'ಯಾರು' ಎಂಬುದನ್ನಷ್ಟೇ ಹೇಳುತ್ತದೆ. ಲಕೋಟೆ ಹಾಗಲ್ಲ. ಸಹಿ ಯಾರೆಂದು ಹೇಳಿದರೆ, ಅಂಚೆ ಮೊಹರು ಎಲ್ಲಿ, ಯಾವ ದಿನ ಎಂದು ಹೇಳುತ್ತದೆ. ವಿಳಾಸ ಯಾರಿಗೆ ಎಂದು ಹೇಳುತ್ತದೆ. ಅಂಚೆಚೀಟಿಯು ಆ ದಿನ ಆ ನೆಲದಲ್ಲಿ ಯಾರ ಆಡಳಿತವಿತ್ತೆಂದು ಹೇಳುತ್ತದೆ. ಮನುಷ್ಯನ ನೆನಪು ತಪ್ಪಬಹುದು, ಅಭಿಮಾನ ಉತ್ಪ್ರೇಕ್ಷೆ ಮಾಡಬಹುದು. ಆದರೆ ಕಪ್ಪು ಮಸಿಯ ಆ ದುಂಡು ಮೊಹರಿಗೆ ಯಾರ ಮೇಲೂ ಪ್ರೀತಿಯಿಲ್ಲ, ದ್ವೇಷವಿಲ್ಲ. ಇತಿಹಾಸದ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು?

ಈ ಹವ್ಯಾಸ ಅಂಚೆಚೀಟಿಗಿಂತ ಹಳೆಯದೆಂದರೆ ತಮಗೆ ಆಶ್ಚರ್ಯವಾದೀತು. ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟಿನ ಸದಸ್ಯರಿಗೆ ಒಂದು ಸವಲತ್ತು ಇತ್ತು. ಲಕೋಟೆಯ ಮೇಲೆ ತಮ್ಮ ಸಹಿ ಹಾಕಿದರೆ ಸಾಕು, ಅಂಚೆಯ ಹಣ ಕೊಡದೆಯೇ ಪತ್ರ ಹೋಗುತ್ತಿತ್ತು. ಸವಲತ್ತು ಇದ್ದ ಕಡೆ ದುರುಪಯೋಗವೂ ಇರುತ್ತದಷ್ಟೇ. ಸದಸ್ಯರು ಖಾಲಿ ಲಕೋಟೆಗಳ ಮೇಲೆ ಸಹಿ ಹಾಕಿ ಸ್ನೇಹಿತರಿಗೆ, ಬಂಧುಗಳಿಗೆ ಹಂಚತೊಡಗಿದರು. ಅದನ್ನು ತಡೆಯಲು 1784ರಲ್ಲಿ ಸಹಿಯ ಜೊತೆಗೆ ಪೂರ್ತಿ ವಿಳಾಸವನ್ನೂ ದಿನಾಂಕವನ್ನೂ ಸದಸ್ಯರೇ ಸ್ವಹಸ್ತದಿಂದ ಬರೆಯಬೇಕೆಂಬ ನಿಯಮ ಬಂದಿತು. 1840ರ ಜನವರಿ 10ರಂದು ದೇಶಕ್ಕೆಲ್ಲ ಒಂದೇ ಪೆನ್ನಿಯ ದರ ಜಾರಿಯಾದಾಗ ಈ ಸವಲತ್ತು ರದ್ದಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಜಗತ್ತಿನ ಮೊದಲ ಅಂಚೆಚೀಟಿ ಬಂದಿತು. ಅಷ್ಟರೊಳಗೆ ಆ ಸಹಿಗಳನ್ನು ಲಕೋಟೆಯ ಮುಂಭಾಗ ಸಹಿತ ಕತ್ತರಿಸಿ ಪುಸ್ತಕಗಳಲ್ಲಿ ಅಂಟಿಸುವ ಹವ್ಯಾಸ ಅಲ್ಲಿಯ ಮನೆಗಳಲ್ಲಿ ಬೆಳೆದುಬಿಟ್ಟಿತ್ತು. ದೊಡ್ಡವರು ದುಡ್ಡು ಉಳಿಸಲು ಹಾಕಿದ ಸಹಿ ಚಿಕ್ಕವರ ಪಾಲಿಗೆ ನಿಧಿಯಾಯಿತು!

ನಮ್ಮ ದೇಶದಲ್ಲಿಯೂ ಸರ್ಕಾರಿ ಲಕೋಟೆಯ ಎಡಭಾಗದ ಕೆಳ ಮೂಲೆಯಲ್ಲಿ ಕಳುಹಿಸುವ ಅಧಿಕಾರಿ ತನ್ನ ಸಹಿ ಮತ್ತು ಹುದ್ದೆಯನ್ನು ಬರೆಯುವ ಪದ್ಧತಿ ಬಹುಕಾಲ ನಡೆದುಬಂದಿತು. ಖಾಸಗಿ ಪತ್ರಗಳಲ್ಲಿಯೂ ಹಳೆಯ ತಲೆಮಾರಿನವರು ಅದೇ ಮೂಲೆಯಲ್ಲಿ ಹೆಸರು ಗೀಚುತ್ತಿದ್ದರು. ಆ ಎಡ ಮೂಲೆಯನ್ನು ತಾವು ನೆನಪಿಟ್ಟುಕೊಳ್ಳಿ. ನನ್ನ ಕಥೆಯೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಸಹಿಗೂ ಒಂದು ಧರ್ಮ ಬಂದಿತು. ಗಾಂಧೀಜಿಯವರು ಹಸ್ತಾಕ್ಷರ ಕೇಳಿದವರಿಂದ ಹರಿಜನ ನಿಧಿಗೆಂದು ಐದು ರೂಪಾಯಿ ಪಡೆಯುತ್ತಿದ್ದರು. ಆಗ ಐದು ರೂಪಾಯಿ ಸಣ್ಣ ಮೊತ್ತವಾಗಿರಲಿಲ್ಲ. 1933ರ ನವೆಂಬರಿನಲ್ಲಿ ಆರಂಭಿಸಿದ ಹರಿಜನ ಪ್ರವಾಸದಲ್ಲಿ ಅವರು ಮರುವರ್ಷ ಕರ್ನಾಟಕದಲ್ಲಿಯೂ ಸಂಚರಿಸಿದರು. ಸಹಿಯನ್ನು ಬೇರೆ ಬೇರೆ ಭಾರತೀಯ ಲಿಪಿಗಳಲ್ಲಿ ಹಾಕುವುದೂ ಅವರ ಅಭ್ಯಾಸವಾಗಿತ್ತು. ಇನ್ನೊಂದು ಸಂಗತಿ: ತಮಗೆ ಬಂದ ಲಕೋಟೆಗಳನ್ನು ಅವರು ಒಡೆದು, ತಿರುವಿ, ಒಳಬದಿಯ ಖಾಲಿ ಕಾಗದದ ಮೇಲೆ ಬರೆಯುತ್ತಿದ್ದರು. ಲಕೋಟೆಯನ್ನು ಇಷ್ಟು ಗೌರವದಿಂದ ಕಂಡ ರಾಜಕಾರಣಿ ಇನ್ನೊಬ್ಬರಿಲ್ಲ.

ಸ್ವತಂತ್ರ ಭಾರತದಲ್ಲಿ ಹೊಸ ಅಂಚೆಚೀಟಿ ಹೊರಬಂದ ದಿನವೇ ವಿಶೇಷ ಮೊಹರು ಒತ್ತಿಸಿದ ಪ್ರಥಮ ದಿನದ ಲಕೋಟೆಗಳು ಸಂಗ್ರಾಹಕರ ಕೈಸೇರತೊಡಗಿದವು. ಚೀಟಿಯಲ್ಲಿ ಯಾರ ಚಿತ್ರವಿದೆಯೋ ಅವರದೇ ಸಹಿ ಆ ಲಕೋಟೆಯ ಮೇಲೆ ಇದ್ದರೆ ಅದಕ್ಕಿಂತ ಹೆಚ್ಚಿನದು ಬೇರಿಲ್ಲ. ಆದರೆ ನಮ್ಮಲ್ಲಿ ಬದುಕಿರುವವರ ಅಂಚೆಚೀಟಿಯನ್ನು ಸಾಮಾನ್ಯವಾಗಿ ಹೊರಡಿಸುವುದಿಲ್ಲ. ಆದ್ದರಿಂದ ಅಂಥ ಅವಕಾಶ ದೊರೆತವರು ಬೆರಳೆಣಿಕೆಯ ಮಂದಿ. ಮೊದಲನೆಯವರು ಮಹರ್ಷಿ ಧೋಂಡೋ ಕೇಶವ ಕರ್ವೆ. 1958ರ ಏಪ್ರಿಲ್ 18ರಂದು, ಅವರ ನೂರನೆಯ ಹುಟ್ಟುಹಬ್ಬಕ್ಕೆ ಚೀಟಿ ಬಂದಿತು. ಎರಡನೆಯವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. 1960ರ ಸೆಪ್ಟೆಂಬರ್ 15ರಂದು 15 ನಯೇ ಪೈಸೆಯ ಚೀಟಿ ಹೊರಬಂದಾಗ ಅವರು ಇನ್ನೂ ನಮ್ಮೊಡನಿದ್ದರು. ಅನಂತರ 1962ರಲ್ಲಿ ರಾಷ್ಟ್ರಪತಿ ಪದವಿಯಿಂದ ಬಿಡುಗಡೆಯಾದ ರಾಜೇಂದ್ರ ಪ್ರಸಾದರು, 1967ರಲ್ಲಿ ರಾಧಾಕೃಷ್ಣನ್ನರು, 1974ರಲ್ಲಿ ವಿ.ವಿ. ಗಿರಿಯವರು. ಗಿರಿಯವರು 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ನೆಹರೂ, ಶಾಸ್ತ್ರಿ, ಪಟೇಲ್, ಅಂಬೇಡ್ಕರ್ ಇವರೆಲ್ಲರ ಚೀಟಿಗಳು ಅವರ ಕಾಲಾನಂತರವೇ ಬಂದವು. ಅಂಥ ಲಕೋಟೆಗಳ ಮೇಲೆ ಸಂಗ್ರಾಹಕರು ಅವರ ಜೊತೆ ದುಡಿದವರ ಸಹಿಯನ್ನೋ ಬಿಡುಗಡೆ ಮಾಡಿದ ಮಂತ್ರಿಗಳ ಸಹಿಯನ್ನೋ ಪಡೆದು ತೃಪ್ತರಾಗಬೇಕು.

ವಿಶ್ವೇಶ್ವರಯ್ಯನವರ ಲಕೋಟೆಯ ಪಕ್ಕದಲ್ಲಿ ನಾನು ನಿಜಾಮರ ಒಂದು ಅಂಚೆಚೀಟಿಯನ್ನು ಇಟ್ಟಿದ್ದೇನೆ. ಈ ಲಕೋಟೆಯ ಮೇಲೆ ಅವರ ಸಹಿಯಿಲ್ಲ. ಅದು ದೊರೆಯುವ ಭಾಗ್ಯ ನನ್ನದಲ್ಲ, ಅವರು 1962ರಲ್ಲಿ ತೀರಿಕೊಂಡಾಗ ನಾನು ನಾಲ್ಕು ವರ್ಷದ ಕೂಸು. ಪಕ್ಕದಲ್ಲಿರುವುದು 1931ರ ಹೈದರಾಬಾದಿನ ನಾಲ್ಕಾಣೆಯ ಚೀಟಿ. ಅದರ ಚಿತ್ರ ಉಸ್ಮಾನ್ ಸಾಗರ ಜಲಾಶಯದ್ದು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಗೆ ಮಹಾಪೂರ ಬಂದು ಹೈದರಾಬಾದು ನಗರ ಕೊಚ್ಚಿಹೋದಾಗ, ಇನ್ನೊಮ್ಮೆ ಹಾಗಾಗದಂತೆ ಯೋಜನೆ ಹಾಕಿಕೊಟ್ಟವರು ವಿಶ್ವೇಶ್ವರಯ್ಯನವರೇ. ಅದರ ಫಲವಾಗಿ ಎದ್ದದ್ದು ಉಸ್ಮಾನ್ ಸಾಗರ, ಹಿಮಾಯತ್ ಸಾಗರ. ಹೀಗೆ, ಅವರ ಮುಖ ಭಾರತದ ಚೀಟಿಯಲ್ಲಿ ಬರುವುದಕ್ಕೆ ಇಪ್ಪತ್ತೊಂಬತ್ತು ವರ್ಷ ಮೊದಲೇ ಅವರ ಕೆಲಸ ನಿಜಾಮರ ಚೀಟಿಯಲ್ಲಿ ಬಂದಿತ್ತು. ಅದೇ 1931ರ ಸರಣಿಯ ಹನ್ನೆರಡಾಣೆಯ ಚೀಟಿಯಲ್ಲಿ ನಮ್ಮ ಬೀದರಿನ ಮಹಮೂದ್ ಗವಾನನ ಮದರಸಾ ಇದೆ. ಈ ಜೋಡಿಯನ್ನು ತೋರಿಸಿದಾಗ ತರಗತಿಯಲ್ಲಿ ಗದ್ದಲ ನಿಲ್ಲುತ್ತಿತ್ತು.

ಇನ್ನು ನಾನು ಸಹಿ ಕೂಡಿಸಿದ ಬಗೆ. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ ಸಂಗ್ರಾಹಕರಿಗಾಗಿ ಇರುವ ಠೇವಣಿ ಖಾತೆಗೆ ಮನಿ ಆರ್ಡರ್ ಮಾಡಿ ಪ್ರಥಮ ದಿನದ ಲಕೋಟೆಗಳನ್ನು ತರಿಸುತ್ತಿದ್ದೆ. ಆ ಲಕೋಟೆಯ ಹಿಂದೆ ಒಂದು ರಟ್ಟು, ನನ್ನ ವಿಳಾಸ ಬರೆದು ಚೀಟಿ ಹಚ್ಚಿದ ಇನ್ನೊಂದು ಲಕೋಟೆ, ಜೊತೆಗೆ ಒಂದು ವಿನಂತಿಪತ್ರ. ಪತ್ರ ಒಂದು ಪುಟ ಮೀರಬಾರದು, ಅದರಲ್ಲಿ ವರ್ಗಾವಣೆಯ ಸುದ್ದಿ ಎತ್ತಬಾರದು. ಮೇಷ್ಟರ ಪತ್ರವೆಂದರೆ ವರ್ಗಾವಣೆಯ ಅರ್ಜಿಯೆಂದೇ ಆಪ್ತ ಸಹಾಯಕರು ತಿಳಿಯುತ್ತಿದ್ದರು! ಮೂವತ್ತೈದು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಲಕೋಟೆಗಳನ್ನು ಕಳುಹಿಸಿರಬೇಕು. ಅಧಿಕಾರದಲ್ಲಿದ್ದವರಿಂದ ಉತ್ತರ ಬಂದದ್ದು ಕಡಿಮೆ. ಒಮ್ಮೆ ಬಂದ ಲಕೋಟೆಯಲ್ಲಿ ಸಹಿಯ ಬದಲು ರಬ್ಬರ್ ಮೊಹರು ಇತ್ತು. ಇನ್ನೊಮ್ಮೆ ಒಬ್ಬರೇ ಮುಖಂಡರಿಂದ ಎರಡು ವರ್ಷದ ಅಂತರದಲ್ಲಿ ಬಂದ ಎರಡು ಸಹಿಗಳನ್ನು ಹೋಲಿಸಿದಾಗ ಇಬ್ಬರು ಬೇರೆ ಬೇರೆ ಗುಮಾಸ್ತರ ಕೈಬರಹವೆಂದು ತಿಳಿಯಿತು. ಇದು ನಮ್ಮಲ್ಲಿ ಮಾತ್ರವೆಂದು ತಿಳಿಯಬೇಡಿ. ಅಮೆರಿಕದಲ್ಲಿ ಅಧ್ಯಕ್ಷ ಕೆನಡಿಯವರ ಪತ್ರಗಳಿಗೆ ಸಹಿ ಹಾಕಲು ಯಂತ್ರವನ್ನೇ ಬಳಸುತ್ತಿದ್ದರು. ಎರಡು ಸಹಿಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಕೂಡಿದರೆ ಅದು ಯಂತ್ರದ್ದೆಂದು ತಿಳಿಯಬೇಕು. ಮನುಷ್ಯನ ಕೈ ಒಂದೇ ಸಹಿಯನ್ನು ಎರಡು ಸಲ ಹಾಕಲಾರದು.

ದೇವದುರ್ಗದ ಒಂದು ಸಭೆಯಲ್ಲಿ ಮಂತ್ರಿಗಳೊಬ್ಬರು ನನ್ನ ಲಕೋಟೆಯನ್ನು ತಿರುವಿ ಮುರುವಿ ನೋಡಿ, "ಮೇಷ್ಟ್ರೇ, ಇದು ಯಾವುದೋ ಸಾಲದ ಕಾಗದ ಅಲ್ಲವಷ್ಟೇ?" ಎಂದು ನಕ್ಕು ಸಹಿ ಹಾಕಿದರು. ಆದರೆ ನನಗೆ ಹೆಚ್ಚು ನೆನಪಿರುವುದು ಚುನಾವಣೆಯಲ್ಲಿ ಸೋತಿದ್ದ ಹಿರಿಯರೊಬ್ಬರ ಮನೆ. ಹಿಂದೆ ಜಾತ್ರೆಯಂತೆ ಜನ ನೆರೆಯುತ್ತಿದ್ದ ಪಡಸಾಲೆಯಲ್ಲಿ ಅವರೊಬ್ಬರೇ ಕುಳಿತಿದ್ದರು. ಚಹಾ ತರಿಸಿದರು. ನನ್ನ ಶಾಲೆಯಲ್ಲಿ ಹೆಣ್ಣುಮಕ್ಕಳೆಷ್ಟು ಎಂದು ಕೇಳಿದರು. ಕನ್ನಡಕ ಒರೆಸಿಕೊಂಡು, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದು, ಕೆಳಗೆ ದಿನಾಂಕವನ್ನೂ ಹಾಕಿದರು. "ನನ್ನ ಸಹಿಗೆ ಈಗ ಕೆಲಸ ಕಡಿಮೆ, ಅದಕ್ಕೇ ಚೆನ್ನಾಗಿ ಬಂದಿದೆ" ಎಂದರು. ಆಲ್ಬಮ್ಮಿನ ಅತ್ಯಂತ ಸುಂದರವಾದ ಸಹಿ ಅದೇ.

ಈಗ ನಮ್ಮ ಊರಿಗೆ ಬರೋಣ.

ಮಟಮಾರಿ ರಾಯಚೂರಿನಿಂದ ಗುಂತಕಲ್ಲಿನ ಕಡೆಗೆ ಹೋಗುವ ರೈಲುಮಾರ್ಗದಲ್ಲಿರುವ ಊರು. 1871ರಲ್ಲಿ ಮುಂಬಯಿಯಿಂದ ಬಂದ ಮಾರ್ಗವೂ ಮದ್ರಾಸಿನಿಂದ ಬಂದ ಮಾರ್ಗವೂ ರಾಯಚೂರಿನಲ್ಲಿ ಕೂಡಿಕೊಂಡವು. ಅಂದಿನಿಂದ ಎರಡು ಮಹಾನಗರಗಳ ನಡುವಿನ ಟಪಾಲು ನಮ್ಮ ಊರಿನ ಮುಂದೆಯೇ ಹಾದುಹೋಗುತ್ತಿತ್ತು. ಊರು ಮಾತ್ರ ನಿಜಾಮರದು. ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿದರೆ ಮದ್ರಾಸ್ ಪ್ರಾಂತ್ಯ, ಆಗಿನ ಬಳ್ಳಾರಿ ಜಿಲ್ಲೆಯ ಆದವಾನಿ ತಾಲ್ಲೂಕು. ನಿಜಾಮರು 1869ರಲ್ಲಿಯೇ ಸ್ವಂತ ಅಂಚೆಚೀಟಿ ತಂದಿದ್ದರು. ಆ ಚೀಟಿ ಸಂಸ್ಥಾನದ ಒಳಗೆ ಮಾತ್ರ ನಡೆಯುತ್ತಿತ್ತು; ಹೊರಗೆ ಹೋಗುವ ಪತ್ರಕ್ಕೆ ಬ್ರಿಟಿಷ್ ಭಾರತದ ಚೀಟಿ ಬೇಕಾಗಿತ್ತು. ಹೊಳೆಯ ಈ ದಂಡೆಯಲ್ಲಿ ಒಂದು ಚೀಟಿ, ಆ ದಂಡೆಯಲ್ಲಿ ಇನ್ನೊಂದು. ಬೀಗರು ಆ ಕಡೆ, ಹೆಣ್ಣು ಕೊಟ್ಟವರು ಈ ಕಡೆ. ಈ ಎರಡು ಅಂಚೆಗಳ ವ್ಯವಸ್ಥೆ 1950ರ ಏಪ್ರಿಲ್ 1ರಂದು ನಿಜಾಮರ ಅಂಚೆ ಭಾರತದ ಅಂಚೆಯಲ್ಲಿ ವಿಲೀನವಾಗುವವರೆಗೂ ನಡೆಯಿತು.

1947ರ ಆಗಸ್ಟ್ 15ರಂದು ಆ ದಂಡೆ ಸ್ವತಂತ್ರವಾಯಿತು, ಈ ದಂಡೆ ಆಗಲಿಲ್ಲ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಡೆಸುತ್ತಿದ್ದ ಸ್ವಾಮಿ ರಾಮಾನಂದ ತೀರ್ಥರು ಸೆರೆಮನೆ ಸೇರಿದರು. ಅವರು ಸಿಂದಗಿಯಲ್ಲಿ 1903ರಲ್ಲಿ ಜನಿಸಿ, ಮುಂದೆ 1952ರಲ್ಲಿ ಗುಲ್ಬರ್ಗದಿಂದ ಲೋಕಸಭೆಗೆ ಹೋದವರು. ಸಾವಿರಾರು ಯುವಕರು ಗಡಿ ದಾಟಿ ಶಿಬಿರಗಳನ್ನು ಸೇರಿದರು. ಆಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರದ ಹೆಸರು ತಾವು ಕೇಳಿರುತ್ತೀರಿ. ರಜಾಕಾರರ ಆ ದಿನಗಳಲ್ಲಿ ಇಂಥ ನಾಯಕರ ಸಹಿಯಿರುವ ಕಾಗದ ಮನೆಯಲ್ಲಿ ಸಿಕ್ಕರೆ ಮನೆಯವರಿಗೆಲ್ಲ ಅಪಾಯ. ನಮ್ಮ ತಾಯಿ ಹೇಳುತ್ತಿದ್ದರು: ಕಾಗದ ಬಂದರೆ ಓದಿಸಿ ಕೇಳುವುದು, ಕೂಡಲೇ ಒಲೆಗೆ ಹಾಕುವುದು. ಮೈಸೂರು, ಧಾರವಾಡದ ಕಡೆಯ ಮನೆಗಳಲ್ಲಿ ನಾಯಕರ ಪತ್ರಗಳನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದನ್ನು ನೋಡಿದ್ದೇನೆ. ನಮ್ಮ ಮನೆಗಳಲ್ಲಿ ಅವು ಬೂದಿಯಾದವು. 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ಆದರೆ 1950ರ ಜನವರಿ 24ರಂದು ಸಂವಿಧಾನದ ಮೂಲಪ್ರತಿಗೆ 284 ಸದಸ್ಯರು ಸಹಿ ಹಾಕಿದಾಗಲೂ ಹೈದರಾಬಾದ್ ಸಂಸ್ಥಾನದ ಪ್ರತಿನಿಧಿಗಳು ಆ ಸಭೆಯಲ್ಲಿರಲಿಲ್ಲ. ನಿಜಲಿಂಗಪ್ಪನವರು, ಕೆಂಗಲ್ ಹನುಮಂತಯ್ಯನವರು ಸದಸ್ಯರಾಗಿದ್ದ ಆ ಸಭೆಗೆ ರಾಯಚೂರಿನ ಹೆಸರಿನಲ್ಲಿ ಹೋದವರು ಯಾರೂ ಇಲ್ಲ. ಸಹಿಗಳ ಇತಿಹಾಸದಲ್ಲಿ ನಮ್ಮ ಜಿಲ್ಲೆ ಹೀಗೆ ಬಡ ಜಿಲ್ಲೆ.

ಆ ಬಡತನಕ್ಕೆ ನನ್ನ ಕೈಯ ಪಾಲೂ ಸೇರಿದೆ.

ನನ್ನ ಸೋದರಮಾವ 1947ರ ಕೊನೆಯಲ್ಲಿ ಹೊಳೆ ದಾಟಿ ಹೋದವರು. ವಿಮೋಚನೆಯ ನಂತರ ಮರಳಿ ಬಂದು ನಮ್ಮ ಮನೆಯಲ್ಲಿಯೇ ಒಕ್ಕಲುತನ ಮಾಡಿಕೊಂಡಿದ್ದು, 1965ರಲ್ಲಿ ತೀರಿಕೊಂಡರು. ಅತ್ತೆ ತವರಿಗೆ ಹೋದರು. ಮಾವನ ತಗಡಿನ ಪೆಟ್ಟಿಗೆ ಮಾತ್ರ ನಮ್ಮ ಅಟ್ಟದ ಮೇಲೆ ಉಳಿಯಿತು. 1970ರ ಬೇಸಿಗೆ ರಜೆ, ನನಗೆ ಹನ್ನೆರಡು ವರ್ಷ. ಗೆಳೆಯನೊಬ್ಬನಿಂದ ಅಂಚೆಚೀಟಿಯ ಹುಚ್ಚು ಹತ್ತಿತ್ತು. ಪೆಟ್ಟಿಗೆಯಲ್ಲಿ ಒಂದೇ ಒಂದು ಲಕೋಟೆ ಇತ್ತು. ಒಳಗೆ ಪತ್ರವಿರಲಿಲ್ಲ. ಮೇಲೆ ಕಂದು ಬಣ್ಣದ ಒಂದೂವರೆ ಆಣೆಯ ಚೀಟಿ, ಗಾಂಧೀಜಿಯ ಚಿತ್ರ, 'ಬಾಪೂ' ಎಂದು ಹಿಂದಿ ಮತ್ತು ಉರ್ದುವಿನಲ್ಲಿ. ಮಾವನ ಹೆಸರು, ಶಿಬಿರದ ವಿಳಾಸ. ಎಡ ಮೂಲೆಯಲ್ಲಿ ನೀಲಿ ಮಸಿಯ ಉದ್ದನೆಯ ಇಂಗ್ಲಿಷ್ ಸಹಿ. ನನಗೆ ಓದಲು ಬರಲಿಲ್ಲ. "ಯಾರೋ ದೊಡ್ಡವರು ಬರೆದದ್ದಂತ, ಅದೊಂದನ್ನು ಮಾತ್ರ ಇಟ್ಟುಕೊಂಡಿದ್ದ" ಎಂದರು ಅಕ್ಷರ ಬಾರದ ನನ್ನ ತಾಯಿ. ನಾನು ಹಿತ್ತಾಳೆಯ ಬೋಗುಣಿಯಲ್ಲಿ ನೀರು ತುಂಬಿ ಲಕೋಟೆಯನ್ನು ಪೂರ್ತಿಯಾಗಿ ಮುಳುಗಿಸಿದೆ. ಸ್ವಲ್ಪ ಹೊತ್ತಿನಲ್ಲಿ ನೀರು ತಿಳಿ ನೀಲಿಯಾಯಿತು. ಚೆಂದವಾಗಿ ಕಂಡಿತು, ನೋಡುತ್ತ ಕುಳಿತೆ. ಚೀಟಿ ಸಲೀಸಾಗಿ ಬಿಟ್ಟಿತು. ಮೆತ್ತಗಾದ ಲಕೋಟೆಯನ್ನು ಹಿಂಡಿ ಎಮ್ಮೆಯ ಬಾನಿಯ ಪಕ್ಕ ಎಸೆದೆ.

ಮುಂದೆ 1983ರಲ್ಲಿ ಶಿಕ್ಷಕನಾದೆ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ 1972ರಲ್ಲಿ ಕೇಂದ್ರ ಸರ್ಕಾರ ಹೋರಾಟಗಾರರಿಗೂ ಅವರ ವಿಧವೆಯರಿಗೂ ಪಿಂಚಣಿ ಯೋಜನೆ ತಂದಿತ್ತು. 1980ರಲ್ಲಿ ಅದನ್ನು ಸ್ವತಂತ್ರತಾ ಸೈನಿಕ ಸಮ್ಮಾನ್ ಎಂಬ ಹೆಸರಿನಲ್ಲಿ ವಿಸ್ತರಿಸಿದರು. ಹೈದರಾಬಾದ್ ವಿಮೋಚನೆಯ ಗಡಿ ಶಿಬಿರಗಳಲ್ಲಿದ್ದವರನ್ನೂ ಅನಂತರ ಪರಿಗಣಿಸಲಾಯಿತು. ಒಂದು ದಿನ ಅತ್ತೆ ತವರಿನಿಂದ ಬಸ್ಸಿನಲ್ಲಿ ಬಂದು, "ನೀನು ಮೇಷ್ಟ್ರಾಗಿದ್ದೀಯ, ಅರ್ಜಿ ಬರೆದುಕೊಡಪ್ಪ" ಎಂದರು. ಅರ್ಜಿಯಲ್ಲಿ ಒಂದು ಅಂಕಣ: ಹೋರಾಟದಲ್ಲಿ ಭಾಗವಹಿಸಿದ್ದಕ್ಕೆ ದಾಖಲೆ. ಸೆರೆಮನೆಯ ಪ್ರಮಾಣಪತ್ರವಿಲ್ಲ, ಮಾವ ಸೆರೆಗೆ ಹೋಗಿರಲಿಲ್ಲ. ಜೊತೆಗಿದ್ದವರು ಯಾರೆಂದು ಅತ್ತೆಗೆ ಗೊತ್ತಿಲ್ಲ. "ಅವರಿಗೆ ದೊಡ್ಡವರು ಬರೆದ ಒಂದು ಕಾಗದ ಇತ್ತಲ್ಲ, ನಿಮ್ಮ ಅಟ್ಟದ ಮೇಲೆ?" ಎಂದು ಕೇಳಿದರು. ಪೆನ್ನು ಕೈಯಲ್ಲಿ ಹಾಗೇ ನಿಂತಿತು. "ಹುಡುಕುತ್ತೇನೆ ಅತ್ತೆ" ಎಂದೆ. ಹುಡುಕಲು ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ದಾಖಲೆಯಿಲ್ಲದ ಅರ್ಜಿ ದಾಖಲೆ ಕೇಳಿ ಮರಳಿ ಬಂದಿತು. ಅದು ನಿಯಮ, ಕಚೇರಿಯವರನ್ನು ನಾನು ದೂರುವುದಿಲ್ಲ. ಅತ್ತೆ 1994ರಲ್ಲಿ ತೀರಿಕೊಂಡರು. ನಾನು ಹುಡುಕುತ್ತಲೇ ಇದ್ದೇನೆಂದು ಕೊನೆಯವರೆಗೂ ನಂಬಿದ್ದರು.

ಆ ಲಕೋಟೆಯೊಂದರಿಂದಲೇ ಪಿಂಚಣಿ ಬಂದುಬಿಡುತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ಅದು ಏನೇನು ಹೇಳಬಲ್ಲದಾಗಿತ್ತೆಂದು ಸಂಗ್ರಾಹಕನಾಗಿ ಈಗ ಬಲ್ಲೆ. ಆ ಬಾಪೂ ಚೀಟಿ ಹೊರಬಂದದ್ದು 1948ರ ಆಗಸ್ಟ್ 15ರಂದು. ನಿಜಾಮರು ಶರಣಾದದ್ದು ಸೆಪ್ಟೆಂಬರ್ 17ರಂದು. ಈ ಎರಡರ ನಡುವೆ ಬರೀ 33 ದಿನ. ಮೊಹರಿನ ದಿನಾಂಕ ಆ ದಿನಗಳ ಒಳಗೆ ಬಿದ್ದಿದ್ದರೆ, ಹೋರಾಟ ಮುಗಿಯುವ ಮೊದಲೇ ಮಾವ ಆ ಶಿಬಿರದಲ್ಲಿದ್ದರೆಂದು ಭಾರತದ ಅಂಚೆಯೇ ಸಾಕ್ಷಿ ಹೇಳುತ್ತಿತ್ತು. ಸಹಿ ಯಾರದೆಂದು ತಿಳಿದಿದ್ದರೆ ಅವರನ್ನೋ ಅವರ ಜೊತೆಗಾರರನ್ನೋ ಕಂಡು ಒಂದು ಪ್ರಮಾಣಪತ್ರ ಕೇಳಬಹುದಾಗಿತ್ತು. ಯಾರು, ಎಲ್ಲಿ, ಯಾವಾಗ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಾಗದದ ಮೇಲಿತ್ತು. ನಾನು ಉಳಿಸಿಕೊಂಡದ್ದು ಅದರಲ್ಲಿ ಎಲ್ಲ ಊರುಗಳಲ್ಲಿಯೂ ಸಿಗುತ್ತಿದ್ದ ಒಂದೂವರೆ ಆಣೆಯ ಭಾಗವನ್ನು ಮಾತ್ರ.

ಆ ಚೀಟಿ ಈಗಲೂ ನನ್ನ ಆಲ್ಬಮ್ಮಿನ ಮೊದಲ ಪುಟದಲ್ಲಿದೆ. ಅದರ ಮೂಲೆಯಲ್ಲಿ ಮೊಹರಿನ ಒಂದು ತುಂಡು ಕಾಣುತ್ತದೆ. ಉಳಿದಿರುವುದು ಮೂರೇ ಇಂಗ್ಲಿಷ್ ಅಕ್ಷರಗಳು: ಎ, ಡಿ, ಓ. ಆದವಾನಿ ಇರಬೇಕು. ದಿನಾಂಕದ ಭಾಗ ಲಕೋಟೆಯ ಮೇಲೆಯೇ ಉಳಿದು ಹೋಯಿತು. ತರಗತಿಯಲ್ಲಿ ಕೆಲವರು, "ಸರ್, ಮೊದಲ ಪುಟದಲ್ಲಿ ಸಹಿಯೇ ಇಲ್ಲವಲ್ಲ?" ಎಂದು ಕೇಳುತ್ತಿದ್ದಿರಿ. "ಅದು ಹಾಗೆಯೇ" ಎಂದು ಪುಟ ತಿರುವುತ್ತಿದ್ದೆ. ಇಂದು ಉತ್ತರ ಹೇಳಿದ್ದೇನೆ. ಮುಂದಿನ 61 ಸಹಿಗಳನ್ನು ಕೂಡಿಸಿದ್ದು ಬಹುಶಃ ಆ ಒಂದು ಸಹಿಯ ಋಣ ತೀರಿಸಲಿಕ್ಕೆ. ಅದು ತೀರುವ ಋಣವಲ್ಲ.

ಮಾನ್ವಿಯ ಆ ವಿದ್ಯಾರ್ಥಿಯ ಮನೆಗೆ ಮರುದಿನವೇ ಹೋದೆ. ಪೆಟ್ಟಿಗೆಯಲ್ಲಿ ಮಂತ್ರಿಗಳ ಸಹಿ ಯಾವುದೂ ಇರಲಿಲ್ಲ. ಬೀಜದ ಅಂಗಡಿಯ ಪತ್ರಗಳು, ನೆಂಟರ ಕಾರ್ಡುಗಳು, ಒಂದಿಷ್ಟು ಕೋರ್ಟಿನ ಕಾಗದಗಳು. ಅವನ ಮಗಳು ನಿರಾಶೆಯಿಂದ ನೋಡುತ್ತಿದ್ದಳು. ಒಂದು ಕಾರ್ಡಿನ ಕೆಳಗೆ ಅವಳ ಮುತ್ತಜ್ಜನ ಸಹಿ ಇತ್ತು. ಮೋಡಿ ಹೊಡೆದ ಕನ್ನಡ ಅಕ್ಷರ, ಪಕ್ಕದಲ್ಲಿ ರಾಯಚೂರಿನ ಮೊಹರು, 1957. "ಇವರು ಯಾರು ಗೊತ್ತೇ?" ಎಂದೆ. ಅವಳು ಅಪ್ಪನ ಮುಖ ನೋಡಿದಳು. ಅವಳ ಅಪ್ಪ ಅರ್ಧ ಗಂಟೆ ಅಜ್ಜನ ಕಥೆ ಹೇಳಿದ. ಕಾರ್ಡನ್ನು ಅವಳೇ ಎತ್ತಿಟ್ಟುಕೊಂಡಳು, ಚೀಟಿ ಬಿಡಿಸುವ ಮಾತೆತ್ತಲಿಲ್ಲ.

ಕೊನೆಗೆ ಮೇಷ್ಟರ ಚಟದಂತೆ ನಾಲ್ಕು ಮಾತು. ಹಳೆಯ ಲಕೋಟೆ ಸಿಕ್ಕರೆ ಚೀಟಿಯನ್ನು ಬಿಡಿಸಬೇಡಿ, ಕತ್ತರಿಸಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಅಗ್ಗದ ಪಿ.ವಿ.ಸಿ. ಹಾಳೆಗಳಲ್ಲಿ ಇಟ್ಟರೆ ಕಾಲಕ್ರಮದಲ್ಲಿ ಕಾಗದ ಕೆಡುತ್ತದೆ. ನಮ್ಮ ರಾಯಚೂರಿನ ಬಿಸಿಲಿಗೆ ಮಸಿ ಮಾಸುತ್ತದೆ, ಆದ್ದರಿಂದ ಗೋಡೆಗೆ ತೂಗುಹಾಕುವುದೂ ಬೇಡ. ಎರಡೂ ಬದಿಯ ಚಿತ್ರ ತೆಗೆದಿಡಿ. ಎಲ್ಲಿ, ಯಾರ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಬೇರೆ ಚೀಟಿಯಲ್ಲಿ ಬರೆದಿಡಿ. ಮುಖ್ಯವಾಗಿ, ಮನೆಯಲ್ಲಿ ಹಿರಿಯರು ಇರುವಾಗಲೇ ಆ ಎಡ ಮೂಲೆಯ ಹೆಸರು ಯಾರದೆಂದು ಕೇಳಿಕೊಳ್ಳಿ. 2025ರಲ್ಲಿ ನೋಂದಾಯಿತ ಅಂಚೆಯನ್ನೂ ಸ್ಪೀಡ್ ಪೋಸ್ಟಿನೊಡನೆ ಸೇರಿಸಿಬಿಟ್ಟರು. ಕೈಬರಹದ ವಿಳಾಸವಿರುವ ಲಕೋಟೆ ಇನ್ನು ಹೊಸದಾಗಿ ಹುಟ್ಟುವುದು ಕಡಿಮೆ. ಇರುವುದನ್ನು ಕಾಪಾಡಬೇಕಾದವರು ನಾವೇ.

ಯಾರ ಮನೆಯಲ್ಲಾದರೂ ಪೆಟ್ಟಿಗೆ ತೆರೆಯುವುದಿದ್ದರೆ ನನಗೆ ತಿಳಿಸಿ. ಮಂಡಿನೋವು ಇದ್ದರೂ ಬಸ್ಸು ಹತ್ತಿ ಬರುತ್ತೇನೆ. ಕೈ ತೊಳೆದುಕೊಂಡೇ ಬರುತ್ತೇನೆ.

ಎಲ್ಲರಿಗೂ ಒಳ್ಳೆಯದಾಗಲಿ.

ಇಂತಿ ನಿಮ್ಮ ಮೇಷ್ಟ್ರು